ಊರವರ ಬಾಯಲ್ಲಿ ಇನ್ನೂ ಹಳೇ ಹೆಸರೇ

ಪ್ರಶ್ನೆ: ಕಾಸರಗೋಡಿನ ಉಪ್ಪಳದಲ್ಲಿ ಆಟೋ ಓಡಿಸುತ್ತೇನೆ. ವಯಸ್ಸು 41. ಮೊದಲು ಕುಡಿತ ಜಾಸ್ತಿ ಇತ್ತು, ಜಗಳವೂ ಇತ್ತು. ಊರಲ್ಲಿ ನನ್ನ ಹೆಸರೇ ‘ಕ್ವಾರ್ಟರ್’. ಬಿಟ್ಟು ನಾಲ್ಕು ವರ್ಷ ಆಯಿತು. ಪ್ರತಿ ಭಾನುವಾರ ಇಗರ್ಜಿಗೆ (ಚರ್ಚಿಗೆ) ಹೋಗುತ್ತೇನೆ, ಫಾದರ್ ಮುಂದೆ ಪಾಪನಿವೇದನೆಯೂ ಮಾಡಿದ್ದೇನೆ. ಈ ಸಲ ಮಾತೆ ಮರಿಯಮ್ಮನ ಮೊಂತಿ ಹಬ್ಬಕ್ಕೆ ಹಂಚುವ ಕಬ್ಬಿನ ಹಣ ವಸೂಲಿಗೆ ಯಾರೋ ನನ್ನ ಹೆಸರು ಹೇಳಿದರು. ಇಗರ್ಜಿಯ ನಮ್ಮ ವಾರ್ಡಿನ ಮುಖ್ಯಸ್ಥ ಗುರ್ಕಾರರು ‘ಅವನ ಕೈಗೆ ದುಡ್ಡಾ?’ ಅಂತ ನಕ್ಕುಬಿಟ್ಟರು. ದೇವರು ಕ್ಷಮಿಸಿದ್ದಾನೆ ಅಂತ ಫಾದರ್ ಹೇಳುತ್ತಾರೆ, ಹಾಗಾದರೆ ಊರವರಿಗೆ ಏನು ಕಷ್ಟ? ತಲಪಾಡಿಯ ಗಡಿ ದಾಟಿ ಮಂಗಳೂರಿನಲ್ಲೇ ಮನೆ ಮಾಡೋಣ ಅನಿಸುತ್ತದೆ.
– ಹೆಸರು ಬೇಡ

ಉತ್ತರ: ನಾಲ್ಕು ವರ್ಷ ಸಣ್ಣ ಮಾತಲ್ಲ ಮಾರಾಯ್ರೇ. ಅದೂ ಈಚೆ ಒಂದು ರೇಟು, ಆಚೆ ಒಂದು ರೇಟು ಅಂತ ಬಾಟ್ಲಿಗಾಗಿಯೇ ಗಡಿ ದಾಟುವವರು ಇರುವ ಕಡೆ. ಎಲ್ಲರೆದುರು ಹಾಗೆ ನಕ್ಕದ್ದು ತಪ್ಪೇ. ಆದರೆ ನಿಮಗೆ ಹಿಡಿಸದ ಒಂದು ಮಾತು ಹೇಳಿಬಿಡುತ್ತೇನೆ. ಕ್ಷಮೆ ಬೇರೆ, ದುಡ್ಡಿನ ಪೆಟ್ಟಿಗೆಯ ಕೀ ಬೇರೆ. ಮೊದಲನೆಯದು ಪಾಪನಿವೇದನೆಯಲ್ಲಿ ಸಿಕ್ಕಿತು. ಎರಡನೆಯದನ್ನು ಕೊಡುವವರು ಮನುಷ್ಯರು, ಅವರು ನಿಧಾನ.

ಸಂತ ಪೌಲರನ್ನೇ ನೋಡಿ. ಯೇಸುವನ್ನು ನಂಬಿದ ಸ್ತೆಫನನಿಗೆ ಕಲ್ಲು ಹೊಡೆಯುವಾಗ ಹೊಡೆಯುವವರ ಬಟ್ಟೆ ಕಾಯುತ್ತಾ ನಿಂತಿದ್ದವನು. ದಮಸ್ಕದ ದಾರಿಯಲ್ಲಿ ಬದಲಾದ ಮೇಲೂ ಅವನ ಹತ್ತಿರ ಹೋಗು ಅಂತ ಅಲ್ಲಿನ ಶಿಷ್ಯ ಅನನೀಯನಿಗೆ ಪ್ರಭುವೇ ಹೇಳಿದಾಗ ಅನನೀಯ ‘ಅವನ ಬಗ್ಗೆ ಬಹಳ ಕೇಳಿದ್ದೇನೆ’ ಅಂತ ಹಿಂದೆ ಸರಿಯಲು ನೋಡಿದ. ಪೌಲ ಜೆರುಸಲೇಮಿಗೆ ಹೋದದ್ದು ಮೂರು ವರ್ಷ ಕಳೆದು ಅಂತ ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ಆಗಲೂ ಅಲ್ಲಿನ ಶಿಷ್ಯರು ನಂಬಲಿಲ್ಲ, ಹೆದರಿದರು. ಹೆದರಿದ್ದು ತಪ್ಪೂ ಅಲ್ಲ, ಅವರ ಮನೆಯವರನ್ನೇ ಎಳೆದು ಜೈಲಿಗೆ ಹಾಕಿದವನಲ್ವಾ? ಆಮೇಲೆ ಅವರಲ್ಲೇ ಒಬ್ಬನಾದ ಬಾರ್ನಬ ಅವನನ್ನು ಕರೆದುಕೊಂಡು ಹೋಗಿ, ಇವನ ಕತೆ ಹೀಗೆ ಅಂತ ಅವರ ಮುಂದೆ ಹೇಳಿದ. ಪೌಲ ತಾನೇ ಹೋಗಿ ವಾದ ಮಾಡಿದ್ದಲ್ಲ. ನಿಮ್ಮ ವಾರ್ಡಿನಲ್ಲಿ ಬಾರ್ನಬ ಯಾರು? ನಿಮ್ಮ ಹೆಸರು ಹೇಳಿದರಲ್ಲ, ಬಹುಶಃ ಅವರೇ. ನೀವು ಪತ್ರ ಇಡೀ ಗುರ್ಕಾರರ ಬಗ್ಗೆ ಬರೆದಿದ್ದೀರಿ, ಆ ಮನುಷ್ಯನನ್ನು ‘ಯಾರೋ’ ಅಂತ ದಾಟಿ ಹೋಗಿದ್ದೀರಿ.

ಇನ್ನೂ ಒಂದು ಇದೆ, ಇದು ನನಗೆ ತುಂಬಾ ಇಷ್ಟ. ಮುಂದೆ ಬರಗಾಲ ಬಂದಾಗ ಅಂತಿಯೋಕ್ಯದವರು ದುಡ್ಡು ಒಟ್ಟು ಮಾಡಿ ಜುದೇಯಕ್ಕೆ ಕಳಿಸಿದ್ದು ಯಾರ ಕೈಯಲ್ಲಿ? ಬಾರ್ನಬ ಮತ್ತು ಸೌಲ (ಪೌಲನ ಇನ್ನೊಂದು ಹೆಸರು), ಇಬ್ಬರ ಕೈಯಲ್ಲಿ. ಒಬ್ಬನ ಕೈಯಲ್ಲಲ್ಲ. ಎಷ್ಟೋ ವರ್ಷ ಕಳೆದು, ಪೌಲ ಅಷ್ಟು ದೊಡ್ಡ ಹೆಸರು ಮಾಡಿದ ಮೇಲೂ ಇನ್ನೊಂದು ವಂತಿಗೆಯ ಹಣಕ್ಕೆ ಬೇರೆಯವರನ್ನು ಜೊತೆಗೆ ಹಾಕಿಕೊಂಡ. ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರ ಸರಿಯಿದ್ದರೆ ಸಾಲದು, ಜನರ ಮುಂದೆಯೂ ಸರಿಯಿರಬೇಕು ಅಂತ ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯದಲ್ಲಿ ಅವನೇ ಹೇಳಿದ್ದಾನೆ. ಹಾಗಾಗಿ ಮುಂದಿನ ವರ್ಷ ನೀವೇ ಕೇಳಿ: ‘ನನ್ನ ಜೊತೆ ಇನ್ನೊಬ್ಬರನ್ನು ಹಾಕಿ, ರಶೀದಿ ಪುಸ್ತಕ ಅವರ ಹತ್ತಿರವೇ ಇರಲಿ.’ ಇದು ಅವಮಾನ ಅನಿಸಿದರೆ ಪೌಲನಿಗೂ ಅನಿಸಬೇಕಿತ್ತು.

ಸಾಲದ ವಿಷಯ ನೀವು ಬರೆದೇ ಇಲ್ಲ. ಕುಡಿಯುವ ಕಾಲದಲ್ಲಿ ಯಾರ್‍ಯಾರ ಹತ್ತಿರ ತೆಗೊಂಡಿದ್ದಿರಿ, ಕೊಟ್ಟಾಯಿತಾ? ಗುರ್ಕಾರರ ನಗುವಿನ ಹಿಂದೆ ಹಳೇ ಐನೂರು ರೂಪಾಯಿ ಇದ್ದರೂ ಇರಬಹುದು! ಜೆರಿಕೋದ ಸುಂಕದವ ಜಕ್ಕಾಯ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕು ಪಟ್ಟು ವಾಪಸ್ ಅಂದ. ನೀವು ನಾಲ್ಕು ಪಟ್ಟು ಕೊಡಬೇಡಿ, ತೆಗೊಂಡಷ್ಟು ಕೊಡಿ. ಅಷ್ಟು ಮಾಡಿದ ಮೇಲೆ ಜೆರಿಕೋದವರು ಜಕ್ಕಾಯನನ್ನು ಒಳ್ಳೆಯವನು ಅಂದರಾ ಅಂತ ಲೂಕ ಬರೆದಿಲ್ಲ. ಯೇಸು ಅವನ ಮನೆಗೆ ಹೋದದ್ದಕ್ಕೆ ಗೊಣಗಿದ್ದು ಮಾತ್ರ ಬರೆದಿದ್ದಾನೆ.

ಆ ಅಡ್ಡಹೆಸರು. ಮನೆಯಲ್ಲಿ ಮಕ್ಕಳಿದ್ದರೆ ಅವರ ಕಿವಿಗೂ ಬೀಳುತ್ತದೆ. ಸ್ಟ್ಯಾಂಡಿನಲ್ಲಿ ಯಾರಾದರೂ ಕರೆದರೆ ಸುಮ್ನೆ ನಕ್ಕು ತಿರುಗಬೇಡಿ, ಜಗಳಕ್ಕೂ ಹೋಗಬೇಡಿ, ‘ಹಾಗೆ ಕರೆಯಬೇಡ ಮಾರಾಯ’ ಅಂತ ಮೆಲ್ಲ ಹೇಳಿ. ಹತ್ತು ಸಲ ಹೇಳಬೇಕಾದೀತು.

ಮಂಗಳೂರು? ಕೇರಳದ ಪರ್ಮಿಟ್ಟಿನ ಆಟೋ ಅಲ್ಲಿ ಓಡುವುದಿಲ್ಲ, ಅದು ಬಿಡಿ. ಉಪ್ಪಳದಲ್ಲಿ ನೀವು ಒಂದು ಗ್ಲಾಸು ಮುಟ್ಟಿದರೆ ಸಂಜೆಯೊಳಗೆ ನಿಮ್ಮ ಮನೆಗೆ ಸುದ್ದಿ ಮುಟ್ಟುತ್ತದೆ. ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಬಡುಕ ಊರು ನಿಮಗೆ ಸದ್ಯಕ್ಕೆ ಒಳ್ಳೆಯ ಬೇಲಿ.

ಪ್ರಶ್ನೆ: ಹಳೇ ಗೆಳೆಯರ ಸಹವಾಸದಲ್ಲಿ ನನ್ನ ಹೆಸರು ಪೂರಾ ಕೆಟ್ಟಿತ್ತು. ಈಗ ಬದಲಾಗಿದ್ದೇನೆ. ಸೌಲ ಪೌಲನಾದ ಹಾಗೆ ನಾನೂ ಹೆಸರು ಬದಲಾಯಿಸಲಾ?
– ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಸೌಲ ಹಾಗೆ ಹೆಸರು ಬದಲಾಯಿಸಿದ್ದೇ ಇಲ್ಲ ತಮ್ಮಾ. ದೀಕ್ಷಾಸ್ನಾನ ಆದ ಮೇಲೂ ಎಷ್ಟೋ ಕಾಲ ಸೌಲನೇ. ಸೈಪ್ರಸ್ಸಿಗೆ ಹೋದಾಗ ‘ಸೌಲ, ಅಂದರೆ ಪೌಲ’ ಅಂತ ಬರುತ್ತದೆ, ಅಷ್ಟೇ. ಒಂದು ಯೆಹೂದಿ ಹೆಸರು, ಇನ್ನೊಂದು ರೋಮನ್ ಹೆಸರು. ನಮ್ಮಲ್ಲಿ ಇಗರ್ಜಿಯ ಪುಸ್ತಕದಲ್ಲಿ ಒಂದು, ಮನೆಯಲ್ಲಿ ಒಂದು ಇರುವುದಿಲ್ವಾ, ಹಾಗೆ. ಗೆಜೆಟ್, ಆಧಾರ್, ಮಾರ್ಕ್ಸ್ ಕಾರ್ಡ್ ಅಂತ ಅಲೆಯುವ ಉಮೇದು ಇದ್ದರೆ ಬದಲಾಯಿಸು, ಪಾಪವೇನಿಲ್ಲ. ಯೇಸು ನಿಜವಾಗಿ ಹೊಸ ಹೆಸರು ಕೊಟ್ಟದ್ದು ಪೇತ್ರನಿಗೆ. ಆದರೆ ಗೆತ್ಸೆಮನಿಯಲ್ಲಿ ಅವನು ನಿದ್ದೆ ಹೋದಾಗ ‘ಸೀಮೋನಾ, ನಿದ್ದೆ ಮಾಡ್ತಿದ್ದೀಯಾ?’ ಅಂತ ಕೇಳಿದ್ದು ಹಳೇ ಹೆಸರು ಹಿಡಿದೇ.