ಚರ್ಚು ಕಾನೂನಿನ ವಿಷಯಕ್ಕೆ ಯಾಕೆ ಬರುತ್ತೆ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚು ವಾಷಿಂಗ್ಟನ್‌ನಲ್ಲಿ ಆಫೀಸ್ ಇಟ್ಕೊಂಡು ಕೂಲಿ, ವಲಸೆ, ಮರಣದಂಡನೆ ಇಂಥ ವಿಷಯಕ್ಕೆಲ್ಲ ಸಂಸದರ ಹತ್ರ ಹೋಗುತ್ತಂತೆ. ಬಡವರಿಗೆ ಊಟ, ಬಟ್ಟೆ ಕೊಟ್ಟು ಪ್ರಾರ್ಥನೆ ಮಾಡ್ಕೊಂಡಿದ್ರೆ ಸಾಲ್ದಾ ಸರ್?

ಊಟ, ಬಟ್ಟೆ ಕೊಡೋದನ್ನ ಅವ್ರೇನೂ ನಿಲ್ಸಿಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ 1900ರ ಸುಮಾರಿನ ಅಮೆರಿಕವನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ. ಹತ್ತಿ ಗಿರಣಿಗಳಲ್ಲಿ, ಕಲ್ಲಿದ್ದಲು ಗಣಿಗಳಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳು ದುಡೀತಿದ್ರು. ಅಂಥ ಮಗುಗೆ ಚರ್ಚು ಒಂದು ಹೊತ್ತು ಊಟ ಹಾಕ್ಬೋದು, ಚಳಿಗೊಂದು ಕೋಟು ಕೊಡ್ಬೋದು, ಆದ್ರೆ ಬೆಳಗಾದ್ರೆ ಆ ಮಗು ಮತ್ತೆ ಅದೇ ಮಷಿನ್ ಮುಂದೆ ಹೋಗಿ ನಿಲ್ಲಬೇಕಲ್ಲ, ಅದನ್ನ ತಪ್ಸೋಕೆ ಕಾನೂನು ಬಿಟ್ರೆ ಬೇರೆ ಯಾವುದಕ್ಕೂ ಆಗಲ್ಲ. ಈ ವಿಷಯ ಅರ್ಥ ಆಗಿದ್ದಕ್ಕೇ 1908ರಲ್ಲಿ ಆಗಿನ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚು, ಅಂದ್ರೆ ಇವತ್ತಿನ ಚರ್ಚಿನ ಪೂರ್ವಜ, 'ಸೋಷಿಯಲ್ ಕ್ರೀಡ್' ಅಂತ ಒಂದು ಘೋಷಣೆ ಹೊರಡಿಸ್ತು. ಬಾಲಕಾರ್ಮಿಕ ಪದ್ಧತಿ ಹೋಗ್ಬೇಕು, ಅಪಾಯದ ಯಂತ್ರಗಳಿಂದ ಕೆಲಸಗಾರರಿಗೆ ರಕ್ಷಣೆ ಬೇಕು, ಏಳು ದಿನದಲ್ಲಿ ಒಂದಿನ ರಜೆ ಬೇಕು, ದುಡಿದಿದ್ದಕ್ಕೆ ಬದುಕೋಕೆ ಸಾಲೋವಷ್ಟು ಕೂಲಿ ಸಿಗ್ಬೇಕು ಅಂತೆಲ್ಲ ಅದರಲ್ಲಿ ಇತ್ತು. ಇವತ್ತು ಓದಿದ್ರೆ ಇದರಲ್ಲಿ ಏನಿದೆ ವಿಶೇಷ ಅನ್ಸುತ್ತೆ, ಆಗ ಗಿರಣಿ ಮಾಲೀಕರೂ ಅದೇ ಚರ್ಚುಗಳ ಬೆಂಚಲ್ಲಿ ಕೂರ್ತಿದ್ರು ಅನ್ನೋದನ್ನ ಮರೀಬೇಡಿ.

ಘೋಷಣೆ ಮಾಡಿದ ತಕ್ಷಣ ಏನೂ ಆಗ್ಲಿಲ್ಲ. 1916ರಲ್ಲಿ ಬಾಲಕಾರ್ಮಿಕರ ವಿರುದ್ಧ ಒಂದು ಫೆಡರಲ್ ಕಾನೂನು ಬಂತು, ಎರಡೇ ವರ್ಷಕ್ಕೆ ಸುಪ್ರೀಂ ಕೋರ್ಟ್ ಅದನ್ನ ಹೊಡೆದು ಹಾಕ್ತು. ಗಟ್ಟಿಯಾಗಿ ನಿಂತ ಕಾನೂನು ಬಂದಿದ್ದು 1938ರಲ್ಲಿ, ಮೂವತ್ತು ವರ್ಷ ಆದ್ಮೇಲೆ. ಅದನ್ನ ಚರ್ಚೊಂದೇ ತಂದಿದ್ದು ಅಂತ ಹೇಳಿದ್ರೆ ಸುಳ್ಳಾಗುತ್ತೆ, ಕಾರ್ಮಿಕ ಸಂಘಗಳು, ಹೋರಾಟಗಾರರು, ಪತ್ರಿಕೆಯವ್ರು ಎಲ್ರೂ ಸೇರಿ ತಂದಿದ್ದು. ಆದ್ರೆ ಮಕ್ಕಳನ್ನ ದುಡಿಸೋದು ಬರೀ ವ್ಯಾಪಾರದ ವಿಷಯ ಅಲ್ಲ ಪಾಪದ ವಿಷಯ ಅಂತ ಭಾನುವಾರದ ಪ್ರಸಂಗದಲ್ಲಿ ಕೇಳಿಸ್ಕೊಂಡವ್ರಿಗೆ ಅದನ್ನ ಸುಮ್ನೆ ತಳ್ಳಿಹಾಕೋದು ಕಷ್ಟ ಆಗುತ್ತೆ, ಚರ್ಚಿನ ಪಾಲು ಅದು ಅಂತ ನನ್ನ ಅಭಿಪ್ರಾಯ.

ಇದು ಹೊಸ ಚಾಳಿನೂ ಅಲ್ಲ. ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿ 1774ರಲ್ಲೇ ಗುಲಾಮಗಿರಿ ವಿರುದ್ಧ ಪುಸ್ತಿಕೆ ಬರೆದಿದ್ರು. 1791ರಲ್ಲಿ ಸಾಯೋಕೆ ಒಂದು ವಾರ ಕೂಡ ಇಲ್ಲದಾಗ ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸ್ ಅವ್ರಿಗೆ ಕಾಗದ ಬರೆದು, ಈ ಹೋರಾಟ ಬಿಡಬೇಡಿ ಅಂದ್ರು. ಗಮನಿಸಿ, ಆ ಕಾಗದ ಹೋಗಿದ್ದು ಕಾನೂನು ಮಾಡೋ ಮನುಷ್ಯನಿಗೆ. ಇನ್ನೂ ಹಿಂದಕ್ಕೆ ಹೋದ್ರೆ ಬೈಬಲ್ಲಿನ ಯೆಶಾಯ 10ನೇ ಅಧ್ಯಾಯ ಶುರುವಾಗೋದೇ ಅನ್ಯಾಯದ ಶಾಸನ ಬರೆಯೋರನ್ನ, ಬಡವರ ನ್ಯಾಯ ತಪ್ಸೋರನ್ನ ಬೈಯೋದ್ರಿಂದ.

ಪ್ರಶ್ನೆ: ಹಾಗಾದ್ರೆ ಇದು ಪಾರ್ಟಿ ರಾಜಕೀಯ ಅಲ್ವಾ? ಯಾವುದೋ ಒಂದು ಪಕ್ಷಕ್ಕೆ ಅನುಕೂಲ ಆಗೇ ಆಗುತ್ತಲ್ಲ?

ಅನುಕೂಲ ಆಗ್ಬೋದು, ಅದೇ ಉದ್ದೇಶ ಆಗಿದ್ರೆ ತಪ್ಪು. ಅಲ್ಲಿನ ಟ್ಯಾಕ್ಸ್ ಕಾನೂನಿಗೆ 1954ರಲ್ಲಿ ಸೇರಿಸಿದ ನಿಯಮದ ಪ್ರಕಾರ ತೆರಿಗೆ ವಿನಾಯಿತಿ ಇರೋ ಚರ್ಚು ಯಾವ ಅಭ್ಯರ್ಥಿ ಪರವಾಗೂ ಪ್ರಚಾರ ಮಾಡೋ ಹಾಗಿಲ್ಲ, ಮಸೂದೆ ಬಗ್ಗೆ ಒಂದು ಮಿತಿಯೊಳಗೆ ಮಾತಾಡ್ಬೋದು. (ವೇದಿಕೆ ಮೇಲಿಂದ ಪಾದ್ರಿ ಎಷ್ಟು ಹೇಳ್ಬೋದು ಅನ್ನೋದರ ಬಗ್ಗೆ ಜಗಳ ಕೋರ್ಟಿನವರೆಗೂ ಹೋಗಿದೆ.) ಆಚರಣೆಯಲ್ಲಿ ಹೇಗಿರುತ್ತೆ ಅಂದ್ರೆ, 2003ರ ಇರಾಕ್ ಯುದ್ಧದ ಟೈಮಲ್ಲಿ ಅಧ್ಯಕ್ಷರಾಗಿದ್ದ ರಿಪಬ್ಲಿಕನ್ ಪಕ್ಷದ ಜಾರ್ಜ್ ಡಬ್ಲ್ಯೂ ಬುಷ್ ಇದೇ ಚರ್ಚಿನ ಸದಸ್ಯರು, ಯುದ್ಧಕ್ಕೆ ಅಧಿಕಾರ ಕೊಡೋ ನಿರ್ಣಯಕ್ಕೆ ಓಟು ಹಾಕಿದ್ದ ಡೆಮಾಕ್ರಟ್ ಪಕ್ಷದ ಹಿಲರಿ ಕ್ಲಿಂಟನ್ನೂ ಇದೇ ಚರ್ಚಿನವ್ರು, ಹೀಗಿದ್ದೂ ಚರ್ಚಿನ ಸಮಾಜ ವಿಭಾಗ ಮತ್ತೆ ಎಷ್ಟೋ ಬಿಷಪ್‌ಗಳು ಆ ಯುದ್ಧ ಬೇಡ ಅಂತ ಓಪನ್ನಾಗೇ ಹೇಳಿದ್ರು. ತನ್ನವರೇ ಅಧಿಕಾರದಲ್ಲಿದ್ದಾಗ ಬೇಡ ಅನ್ನೋಕೆ ಧೈರ್ಯ ಬೇಕು.

ನಾನು ನೋಡೋದು ಒಂದನ್ನೇ: ಚರ್ಚು ಕೇಳ್ತಿರೋದು ಯಾರಿಗೋಸ್ಕರ? ತನ್ನ ಆಸ್ತಿ, ತನ್ನ ಸವಲತ್ತು, ತನ್ನ ಜನರ ಸಂಖ್ಯೆಗೋಸ್ಕರ ಕೇಳ್ತಿದ್ರೆ ಅದು ಬೇರೆ ಯಾವುದೇ ಲಾಬಿ ಥರ. ತನ್ನ ಬಾಗಿಲಿಗೆ ಯಾವತ್ತೂ ಬರದೇ ಇರೋ ಕೂಲಿಯವನಿಗೋಸ್ಕರ, ಜೈಲಲ್ಲಿರೋನಿಗೋಸ್ಕರ ಕೇಳ್ತಿದ್ರೆ ಆ ಮಾತಿಗೆ ತೂಕ ಇದೆ.

ಪ್ರಶ್ನೆ: ಸರ್ಕಾರಕ್ಕೆ ಬುದ್ಧಿ ಹೇಳೋ ಚರ್ಚು ತಾನು ಸರಿ ಇದೆಯಾ?

ಈ ಪ್ರಶ್ನೆ ಕೇಳಲೇಬೇಕಾದದ್ದು, ಉತ್ತರ ಹಿತವಾಗಿಲ್ಲ. ವೆಸ್ಲಿ ಸತ್ತು ಅರ್ಧ ಶತಮಾನ ಆಗೋದ್ರೊಳಗೆ ಅಮೆರಿಕದ ಮೆಥಡಿಸ್ಟರಲ್ಲಿ ಗುಲಾಮರನ್ನ ಇಟ್ಕೊಂಡಿದ್ದ ಬಿಷಪ್ ಇದ್ರು, 1844ರಲ್ಲಿ ಅದೇ ಜಗಳದಲ್ಲಿ ಚರ್ಚು ಉತ್ತರ ದಕ್ಷಿಣ ಅಂತ ಒಡೆದುಹೋಯ್ತು. 1939ರಲ್ಲಿ ಮತ್ತೆ ಒಂದಾದ್ರು, ಆದ್ರೆ ಹೇಗೆ ಒಂದಾದ್ರು ನೋಡಿ: ಬಿಳಿಯರ ಸಭೆಗಳಿಗೆ ಊರಿನ ಪ್ರದೇಶದ ಲೆಕ್ಕದಲ್ಲಿ ವಿಭಾಗ, ಕಪ್ಪು ಜನರ ಸಭೆಗಳಿಗೆ ಮಾತ್ರ ಬಣ್ಣದ ಲೆಕ್ಕದಲ್ಲಿ 'ಸೆಂಟ್ರಲ್ ಜುರಿಸ್ಡಿಕ್ಷನ್' ಅಂತ ಒಂದು ಬೇರೆ ವಿಭಾಗ. ಎಲ್ಲರಿಗೂ ಸಮಾನ ಹಕ್ಕು ಅಂತ 1908ರಲ್ಲಿ ಬರ್ಕೊಂಡಿದ್ದ ಪರಂಪರೆಯೇ ಇದನ್ನ ಮಾಡಿದ್ದು. ಯುನೈಟೆಡ್ ಮೆಥಡಿಸ್ಟ್ ಚರ್ಚು ಹುಟ್ಟಿದ 1968ರಲ್ಲಷ್ಟೇ ಆ ವಿಭಾಗ ಹೋಯ್ತು, ಅಷ್ಟೊತ್ತಿಗೆ ದೇಶದ ನಾಗರಿಕ ಹಕ್ಕು ಕಾನೂನು ಬಂದು ನಾಲ್ಕು ವರ್ಷ ಆಗಿತ್ತು. ಇದನ್ನ ಬರೆಯೋವಾಗ ನಂಗೆ ಸಂಕಟ ಆಗುತ್ತೆ, ಆದ್ರೆ ಮುಚ್ಚಿಡೋದು ಇನ್ನೂ ದೊಡ್ಡ ಅನ್ಯಾಯ.

ಇನ್ನೊಂದಿದೆ, ಪಾನನಿಷೇಧ. ಇವತ್ತು ಅವ್ರ ಸಮಾಜ ವಿಭಾಗ ಇರೋ ವಾಷಿಂಗ್ಟನ್ನಿನ ಮೆಥಡಿಸ್ಟ್ ಬಿಲ್ಡಿಂಗ್, ಸಂಸತ್ ಭವನದ ಎದುರಿಗೇ, 1920ರ ದಶಕದಲ್ಲಿ ಕಟ್ಟಿದ್ದು, ಕಟ್ಟಿಸಿದ್ದು ಚರ್ಚಿನ ಮದ್ಯ ವಿರೋಧಿ ಮಂಡಳಿ. ಮದ್ಯ ನಿಲ್ಸೋಕೆ ಅಂತ 1919ರಲ್ಲಿ ದೇಶದ ಸಂವಿಧಾನಕ್ಕೇ ತಿದ್ದುಪಡಿ ತಂದ್ರು, 1933ರಲ್ಲಿ ಅದನ್ನ ವಾಪಸ್ ತಗೊಂಡ್ರು. ಕುಡಿತದಿಂದ ಹಾಳಾದ ಮನೆಗಳ ಬಗ್ಗೆ ಅವ್ರಿಗಿದ್ದ ಕಾಳಜಿ ನಿಜವಾದದ್ದೇ, ಆದ್ರೆ ಕಾನೂನಿಂದ ಆಗೋ ಕೆಲಸ ಯಾವುದು, ಆಗದೇ ಇರೋದು ಯಾವುದು ಅನ್ನೋ ಅಂದಾಜು ತಪ್ಪಿತ್ತು.

ಪ್ರಶ್ನೆ: 'ಚರ್ಚು ಹೀಗೆ ಹೇಳ್ತು' ಅಂದ್ರೆ ಯಾರು ಹೇಳಿದ್ದು?

ಇಡೀ ಚರ್ಚಿನ ಪರವಾಗಿ ಮಾತಾಡೋ ಅಧಿಕಾರ ಇರೋದು ಜನರಲ್ ಕಾನ್ಫರೆನ್ಸಿಗೆ ಮಾತ್ರ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಸೇರುತ್ತೆ, ಆರಿಸಿ ಬಂದವರಲ್ಲಿ ಅರ್ಧ ಪಾದ್ರಿಗಳು, ಅರ್ಧ ಸಾಮಾನ್ಯ ಸದಸ್ಯರು. ಸಮಾಜದ ವಿಷಯಗಳಲ್ಲಿ ಚರ್ಚಿನ ನಿಲುವು ಏನು ಅಂತ ಹೇಳೋ 'ಸೋಷಿಯಲ್ ಪ್ರಿನ್ಸಿಪಲ್ಸ್' ಅನ್ನೋ ದಾಖಲೆಯನ್ನ 1972ರಲ್ಲಿ ಒಪ್ಪಿದ್ದು, 2024ರಲ್ಲಿ ಪೂರ್ತಿ ಪರಿಷ್ಕರಿಸಿದ್ದು ಈ ಸಭೆನೇ. ಆ ದಾಖಲೆ ಚರ್ಚಿನ ಕಾನೂನಲ್ಲ, ಹಾಗಾಗಿ ಒಪ್ಪದೇ ಇರೋ ಸದಸ್ಯನನ್ನ ಅದರ ಹೆಸರಲ್ಲಿ ಯಾರೂ ಹೊರಗೆ ಹಾಕೋಕೆ ಆಗಲ್ಲ. ಒಬ್ಬ ಬಿಷಪ್ಪೋ ಪಾದ್ರಿಯೋ ಹೇಳಿಕೆ ಕೊಟ್ರೆ ಅದು ಅವ್ರದ್ದೇ ಹೇಳಿಕೆ.