ರುಗರ್ 10/22 ರೈಫಲಿನ ಟ್ರಿಗರ್ ತುಂಬ ಬಿಗಿ. ಹ್ಯಾಮರ್ ಸ್ಪ್ರಿಂಗ್ ಎರಡು ಸುತ್ತು ಕತ್ತರಿಸಬಹುದೇ?

ಬೇಡ. ಈ ರೈಫಲಿನ ರಿಮ್‌ಫೈರ್ ತೋಟಾದಲ್ಲಿ ಕಿಡಿ ಹುಟ್ಟಿಸುವ ಮದ್ದು ಅಡಿಯಂಚಿನ ಮಡಿಕೆಯೊಳಗಿರುತ್ತದೆ. ಹ್ಯಾಮರ್ ಬಡಿದು ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದರೆ ಮಾತ್ರ ಅದು ಹೊತ್ತಿಕೊಳ್ಳುವುದು. ಸ್ಪ್ರಿಂಗ್ ಕತ್ತರಿಸಿದರೆ ಟ್ರಿಗರ್ ತುಸು ಹಗುರಾಗುತ್ತದೆ, ನಿಜ. ಆದರೆ ಏಟು ಮೆತ್ತಗಾಗಿ ಕೆಲವು ತೋಟಾ ಸಿಡಿಯುವುದೇ ಇಲ್ಲ, ಸಿಡಿದ ಗುಂಡುಗಳೂ ಗುರಿಯಲ್ಲಿ ಮೇಲೆ ಕೆಳಗೆ ಹರಡುತ್ತವೆ.

ಈ ಬಿಗಿಗೆ ಮುಖ್ಯ ಕಾರಣ ಹ್ಯಾಮರಿನ ಕಚ್ಚು ಮತ್ತು ಸಿಯರ್ (ಹ್ಯಾಮರನ್ನು ಹಿಡಿದಿಟ್ಟು ಟ್ರಿಗರ್ ಎಳೆದಾಗ ಬಿಡುವ ತುಂಡು) ಕೂಡುವ ಕೋನ. ಬಿಡುವ ಮೊದಲು ಸಿಯರ್ ಹ್ಯಾಮರನ್ನು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳುತ್ತದೆ; ಆ ದುಡಿಮೆಯೆಲ್ಲ ನಿಮ್ಮ ಬೆರಳಿನದು. ಹಾಗೆಂದು ಕಚ್ಚನ್ನು ಅರದಿಂದ ಉಜ್ಜಲು ಹೋಗಬೇಡಿ. ಹದಗೊಳಿಸಿದ ಮೇಲ್ಪದರ ತೆಳುವಾಗಿರುತ್ತದೆ, ಅದು ಸವೆದರೆ ಒಳಗಿನ ಮೆತ್ತನೆ ಉಕ್ಕು ಬೇಗ ತೇಯುತ್ತದೆ.

ನಾನಾದರೆ ಹ್ಯಾಮರ್ ಮಾತ್ರ ಬದಲಿಸುತ್ತೇನೆ. ಕಾರ್ಖಾನೆಯ ಟ್ರಿಗರ್ ಸಾಮಾನ್ಯವಾಗಿ 2.3ರಿಂದ 2.7 ಕಿಲೋ ಎಳೆತ ಕೇಳುತ್ತದೆ. ವೋಲ್ಕ್ವಾರ್ಟ್ಸೆನ್ ಕಂಪನಿಯ ಟಾರ್ಗೆಟ್ ಹ್ಯಾಮರ್ ಹಾಕಿದರೆ ಒಂದು ಕಿಲೋ ಆಸುಪಾಸಿಗೆ ಇಳಿಯುತ್ತದೆ. ಸಣ್ಣ ಪಿನ್ನು, ಬುಷಿಂಗುಗಳ ಗೋಜು ಬೇಡವೆಂದರೆ ರುಗರ್‌ನದೇ ಬಿಎಕ್ಸ್ ಟ್ರಿಗರ್ ಗುಂಪನ್ನು ಇಡಿಯಾಗಿ ಕೂರಿಸಬಹುದು, ಸುಮಾರು 1.25 ಕಿಲೋ. ಬೆಂಚ್ ಮೇಲಿಟ್ಟು ಗುರಿ ಹೊಡೆಯುವವರಿಗೆ ಕಿಡ್ ಕಂಪನಿಯ ಎರಡು ಹಂತದ ಟ್ರಿಗರ್ ಇದೆ, ದುಬಾರಿ.

ಬಿಚ್ಚುವ ಮೊದಲು ಮ್ಯಾಗಜಿನ್ ತೆಗೆದು ಚೇಂಬರನ್ನು (ತೋಟಾ ಕೂರುವ ಗೂಡನ್ನು) ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಹಿಡಿಯ ತಿರುಪು ಬಿಚ್ಚಿ, ಹ್ಯಾಮರ್ ಎತ್ತಿ, ಸೇಫ್ಟಿ ಗುಂಡಿಯನ್ನು ನಟ್ಟನಡುವೆ ನಿಲ್ಲಿಸಿದರೆ ರೈಫಲಿನ ಲೋಹದ ಭಾಗ ಮರದ ಹಿಡಿಯಿಂದ ಹೊರಬರುತ್ತದೆ. ಎರಡು ಅಡ್ಡ ಪಿನ್ ತಳ್ಳಿದರೆ ಟ್ರಿಗರ್ ಗುಂಪು ಕಳಚುತ್ತದೆ. ಬೋಲ್ಟನ್ನು (ತೋಟಾವನ್ನು ಚೇಂಬರಿಗೆ ತಳ್ಳಿ ಮುಚ್ಚುವ ಭಾಗ) ತಡೆಯುವ ಹಿಂದಿನ ಪಿನ್ ಸಡಿಲವಾಗಿರುತ್ತದೆ, ತಾನಾಗಿ ಜಾರಿ ಕಳೆದುಹೋಗುವುದು ಅದೇ. ಹೊರಗಿರುವಾಗ ಹ್ಯಾಮರನ್ನು ಹೆಬ್ಬೆರಳಲ್ಲಿ ತಡೆದು ಇಳಿಸಿ. ಒಳಭಾಗ ಬಿಚ್ಚುವ ಮುನ್ನ ಎರಡೂ ಬದಿಯ ಫೋಟೋ ತೆಗೆದಿಡಿ.

ಜೋಡಿಸಿದ ಮೇಲೆ ಖಾಲಿ ರೈಫಲಿನಲ್ಲೇ ಪರೀಕ್ಷಿಸಿ. ಸೇಫ್ಟಿ ಹಾಕಿ ಟ್ರಿಗರ್ ಬಲವಾಗಿ ಎಳೆದು ಬಿಡಿ, ಆಮೇಲೆ ಸೇಫ್ಟಿ ತೆಗೆಯಿರಿ: ಹ್ಯಾಮರ್ ಬೀಳಬಾರದು. ಬೋಲ್ಟನ್ನು ಹತ್ತಾರು ಸಲ ಹಿಂದಕ್ಕೆಳೆದು ಜೋರಾಗಿ ಬಿಡಿ, ಆಗಲೂ ಬೀಳಬಾರದು. ಟ್ರಿಗರ್ ಎಳೆದೇ ಹಿಡಿದು ಬೋಲ್ಟ್ ಆಡಿಸಿ. ಬೆರಳು ಸಡಿಲಿಸಿದಾಗ ಮತ್ತೆ ಕಚ್ಚಿಕೊಂಡ ಸಣ್ಣ ಸದ್ದು ಕೇಳಬೇಕು.

ಆಮೇಲೆ ರೇಂಜಿನಲ್ಲಿ ಮೊದಲು ಒಂದೇ ತೋಟಾ, ನಂತರ ಎರಡು. ಒಂದೇ ಎಳೆತಕ್ಕೆ ಎರಡೂ ಹಾರಿದರೆ ಅಲ್ಲಿಗೇ ನಿಲ್ಲಿಸಿ, ಗನ್‌ಸ್ಮಿತ್ ಕೈಗೆ ಕೊಡಿ.