ಗಾಳಿಗೆ ಬೆನ್ನು ಕೊಟ್ಟು ಹೊರಡಿ

ಸ್ಕಾಟ್‌ಲೆಂಡಿನ ಪಶ್ಚಿಮದಂಚಿನ ಔಟರ್ ಹೆಬ್ರಿಡೀಸ್ ದ್ವೀಪಗಳ ಸೈಕಲ್ ದಾರಿಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದದ್ದೇ ತಡ, ಪ್ರಶ್ನೆಗಳು ಸಾಲುಗಟ್ಟಿವೆ. ಗ್ಲಾಸ್ಗೋದಲ್ಲಿ ನೆಲೆಸಿರುವ ನಾನು ಬೇಸಿಗೆ ಬಂತೆಂದರೆ ಹೆಂಗಸರ ಗುಂಪುಗಳನ್ನು ಆ ದಾರಿಗೆ ಕರೆದೊಯ್ಯುತ್ತೇನೆ. ಹಾಗಾಗಿ ಉತ್ತರಗಳಲ್ಲಿ ಕೊಂಚ ಹುಕುಂ ಧಾಟಿ ಕಂಡರೆ ಸಹಿಸಿಕೊಳ್ಳಿ.

ಪ್ರಶ್ನೆ: ನಾವು ಏಳು ಜನ ಗೆಳತಿಯರು. ವಯಸ್ಸು ನಲವತ್ತೈದರಿಂದ ಅರವತ್ತೆರಡು. ಇಬ್ಬರು ಬಹಳ ವೇಗ, ಒಬ್ಬರಿಗೆ ಮಂಡಿನೋವು. ಎಲ್ಲರೂ ಒಟ್ಟಿಗೇ ಸಾಗುವುದು ಹೇಗೆ? ಜಗಳವಾಡದೆ ಮರಳುತ್ತೇವೆಯೇ? (ಧಾರವಾಡದ ಓದುಗಿ)

ಒಟ್ಟಿಗೆ ಸಾಗಲೇಬೇಡಿ. ಗುಂಪು ಕಟ್ಟಿಕೊಂಡು ಬಂದವರಿಗೆ ಈ ಮಾತು ರುಚಿಸುವುದಿಲ್ಲ ಎಂದು ಗೊತ್ತು. ಆದರೂ ಪ್ರತಿ ಗುಂಪಿಗೂ ಮೊದಲ ಸಂಜೆಯೇ ಹೇಳುತ್ತೇನೆ.

ಕಾರಣ ಆ ರಸ್ತೆಗಳಲ್ಲೇ ಇದೆ. ದಾರಿಯ ಬಹುಭಾಗ ಒಂದೇ ವಾಹನ ಹಿಡಿಯುವಷ್ಟು ಅಗಲದ್ದು. ಎದುರಿನ ಕಾರಿಗೆ ದಾರಿ ಬಿಡಲೂ ಹಿಂದಿನ ಕಾರಿಗೆ ಮುಂದೆ ಹೋಗಲೂ ಅಲ್ಲಲ್ಲಿ ರಸ್ತೆಯನ್ನು ಉಬ್ಬಿಸಿ ಜಾಗ ಮಾಡಿರುತ್ತಾರೆ. ಅದಕ್ಕೆ ಪಾಸಿಂಗ್ ಪ್ಲೇಸ್ ಎನ್ನುತ್ತಾರೆ. ಏಳು ಸೈಕಲ್‌ಗಳು ಸಾಲಾಗಿ ಹೊರಟರೆ ಅಷ್ಟೂ ಜನ ಒಂದು ಪಾಸಿಂಗ್ ಪ್ಲೇಸಿನಲ್ಲಿ ಹಿಡಿಯುವುದಿಲ್ಲ. ಹಿಂದೆ ಅಂಚೆ ವ್ಯಾನು, ಕುರಿ ಸಾಗಿಸುವ ಟ್ರೇಲರ್, ಶಾಲೆಯ ಬಸ್ಸು ಕಾಯುತ್ತಾ ನಿಲ್ಲುತ್ತವೆ. ಅಲ್ಲಿನವರು ಹಾರ್ನ್ ಹೊಡೆಯುವವರಲ್ಲ, ಆ ಸೌಜನ್ಯವನ್ನು ನಾವು ದುರುಪಯೋಗ ಮಾಡಿಕೊಳ್ಳಬಾರದು. ಇಬ್ಬಿಬ್ಬರಾಗಿ, ಉಳಿದ ಒಬ್ಬರನ್ನು ಯಾವುದಾದರೂ ಜೋಡಿಗೆ ಸೇರಿಸಿ, ನಡುವೆ ಚೆನ್ನಾಗಿ ಅಂತರ ಬಿಟ್ಟು ಹೊರಡಿ. ಜೋಡಿಗಳನ್ನು ದಿನಕ್ಕೊಮ್ಮೆ ಬದಲಿಸಿ. ಮಂಡಿನೋವಿನವರ ಜೊತೆಗೆ ವೇಗದವರನ್ನು ಮಾತ್ರ ಹಾಕಬೇಡಿ, ಇಬ್ಬರಿಗೂ ಹಿಂಸೆ.

ಹಾಗಾದರೆ ಗುಂಪು ಸೇರುವುದೆಲ್ಲಿ? ಜೆಟ್ಟಿಯಲ್ಲಿ. ಹೆಬ್ರಿಡಿಯನ್ ವೇ ಎಂಬ ಈ ದಾರಿ ದಕ್ಷಿಣದ ವಾಟರ್ಸೆಯಿಂದ ಉತ್ತರದ ಬಟ್ ಆಫ್ ಲೂಯಿಸ್‌ವರೆಗೆ 297 ಕಿಲೋಮೀಟರ್. ಹತ್ತು ದ್ವೀಪಗಳು, ಸಮುದ್ರದ ನಡುವೆ ಕಲ್ಲು ಸುರಿದು ಕಟ್ಟಿದ ಆರು ರಸ್ತೆಗಳು, ಎರಡು ಫೆರಿ. ಬಾರಾ ದ್ವೀಪದಿಂದ ಎರಿಸ್ಕೇಗೆ ಸುಮಾರು ನಲವತ್ತು ನಿಮಿಷ, ಬರ್ನರೇಯಿಂದ ಹ್ಯಾರಿಸ್‌ಗೆ ಸುಮಾರು ಒಂದು ಗಂಟೆ. ಫೆರಿಗೆ ಹೊತ್ತಿದೆ, ಯಾರಿಗೂ ಕಾಯುವುದಿಲ್ಲ. ವೇಗದವರು ಒಂದು ಗಂಟೆ ಮೊದಲೇ ತಲುಪಿ ಚಹಾ ಕುಡಿಯಲಿ, ನಿಧಾನದವರು ಒಂದು ಗಂಟೆ ಮೊದಲೇ ಹೊರಡಲಿ. ದಿನದ ಗುರಿಯನ್ನು ಜೆಟ್ಟಿಗೋ ತಂಗುವ ಮನೆಗೋ ಕಟ್ಟಿಬಿಟ್ಟರೆ ನಡುದಾರಿಯಲ್ಲಿ ಯಾರೂ ಯಾರನ್ನೂ ದೂರುವಂತಿಲ್ಲ. ಬಾರಾದಲ್ಲಿ ಕಾಯುವುದಂತೂ ಶಿಕ್ಷೆಯಲ್ಲ. ಜೆಟ್ಟಿಗೆ ಹತ್ತಿರದಲ್ಲೇ ವಿಮಾನ ನಿಲ್ದಾಣ. ರನ್‌ವೇ ಎಂದರೆ ಕಡಲತೀರದ ಮರಳು. ಸಮುದ್ರ ಇಳಿತದಲ್ಲಿದ್ದಾಗ ವಿಮಾನ ಇಳಿಯುತ್ತದೆ, ಉಬ್ಬರ ಬಂದಾಗ ರನ್‌ವೇ ನೀರಿನಡಿ. ವಿಮಾನಗಳ ವೇಳಾಪಟ್ಟಿಯನ್ನು ಸಮುದ್ರ ಬರೆಯುವ ಊರಿನಲ್ಲಿ ನಿಮ್ಮ ಗೆಳತಿ ಅರ್ಧ ಗಂಟೆ ತಡ ಎಂದು ಸಿಡುಕುವುದು ಶೋಭಿಸುವುದಿಲ್ಲ.

ಫೆರಿ ನಡೆಸುವ ಕ್ಯಾಲ್‌ಮ್ಯಾಕ್ ಸೈಕಲ್‌ಗೆ ಶುಲ್ಕ ಪಡೆಯುವುದಿಲ್ಲ, ಟಿಕೆಟ್ ನಿಮಗೆ ಮಾತ್ರ. ಏಳು ಸೈಕಲ್ ಎಂದು ಮೊದಲೇ ತಿಳಿಸಿಬಿಡಿ. ಗಾಳಿ ಜೋರಾದರೆ ಫೆರಿ ರದ್ದಾಗುತ್ತದೆ. ಯೋಜನೆಯಲ್ಲಿ ಒಂದು ದಿನ ಖಾಲಿ ಇಡದವರನ್ನು ನಾನು ಕರೆದುಕೊಂಡೇ ಹೋಗುವುದಿಲ್ಲ.

ಪ್ರಶ್ನೆ: ಯಾವ ತಿಂಗಳು, ಯಾವ ದಿಕ್ಕು? (ಶಿವಮೊಗ್ಗ)

ದಕ್ಷಿಣದಿಂದ ಉತ್ತರಕ್ಕೆ. ಅಲ್ಲಿ ಗಾಳಿ ಹೆಚ್ಚಾಗಿ ನೈರುತ್ಯದಿಂದ ಬೀಸುತ್ತದೆ. ಅದನ್ನು ಬೆನ್ನಿಗೆ ಹಾಕಿಕೊಂಡರೆ ಸೌತ್ ಯೂಯಿಸ್ಟ್‌ನ ಸಮತಟ್ಟು ರಸ್ತೆಯಲ್ಲಿ ಪೆಡಲ್ ಮರೆತೇ ಹೋಗುತ್ತದೆ. ಅದೇ ಗಾಳಿ ಎದುರಾದರೆ ಇಳಿಜಾರಿನಲ್ಲೂ ತುಳಿಯಬೇಕು. ಮಳೆಗೆಂದು ಅಗಲವಾದ ಕೇಪ್ ತರುವವರಿದ್ದಾರೆ, ಅದು ಹಾಯಿಯಂತೆ ಉಬ್ಬಿ ನಿಮ್ಮನ್ನು ಚರಂಡಿಗೆ ಇಳಿಸುತ್ತದೆ. ಮೈಗಂಟುವ ಮಳೆ ಜಾಕೆಟ್ ತನ್ನಿ.

ತಿಂಗಳು ಮೇ ಕೊನೆ ಅಥವಾ ಜೂನ್. ಜೂನಿನಲ್ಲಿ ಹಗಲು ಹದಿನೆಂಟು ಗಂಟೆಯ ಹತ್ತಿರ. ನಿಧಾನದವರಿಗೆ ಇದಕ್ಕಿಂತ ದೊಡ್ಡ ಕೊಡುಗೆ ಇಲ್ಲ. ಪಶ್ಚಿಮ ತೀರದ ಉದ್ದಕ್ಕೂ ಚಿಪ್ಪುಮರಳಿನ ಮೇಲೆ ಬೆಳೆದ ಹುಲ್ಲುಗಾವಲಿದೆ, ಮಾಕರ್ ಎನ್ನುತ್ತಾರೆ. ಜೂನ್, ಜುಲೈನಲ್ಲಿ ಅದು ಹೂವಿನಿಂದ ತುಂಬುತ್ತದೆ. ನಡುಬೇಸಿಗೆಯಲ್ಲಿ ಮಿಡ್ಜ್ ಎಂಬ ನೊರಜಿನ ಕಾಟ ಏರುತ್ತದೆ, ಕಚ್ಚಿದರೆ ರಾತ್ರಿಯಿಡೀ ತುರಿಕೆ. ಗಂಟೆಗೆ ಹನ್ನೊಂದು ಕಿಲೋಮೀಟರಿಗಿಂತ ಜೋರಾಗಿ ಗಾಳಿ ಬೀಸಿದರೆ ಅವು ಹಾರಲಾರವು. ಗಾಳಿಯನ್ನು ಬೈಯುವ ಮುನ್ನ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ನನ್ನ ಪತ್ನಿ ಗೆಳತಿಯರೊಂದಿಗೆ ಹೊರಟಿದ್ದಾಳೆ. ಗಂಡಸರು ಯಾರೂ ಜೊತೆಗಿಲ್ಲ. ಅಷ್ಟು ನಿರ್ಜನ ಜಾಗ ಸುರಕ್ಷಿತವೇ? (ಬೆಂಗಳೂರು)

ಸ್ವಾಮಿ, ಮಾರ್ಗರೆಟ್ ಫೇ ಶಾ ಎಂಬ ಅಮೆರಿಕದ ಹೆಣ್ಣುಮಗಳು 1929ರಲ್ಲಿ ಸೌತ್ ಯೂಯಿಸ್ಟ್‌ಗೆ ಹೋಗಿ, ಇಬ್ಬರು ಅಕ್ಕತಂಗಿಯರ ಮನೆಯಲ್ಲಿ ಆರು ವರ್ಷ ಉಳಿದು ಅಲ್ಲಿನ ಗೇಲಿಕ್ ಭಾಷೆಯ ಹಾಡುಗಳನ್ನು ಸಂಗ್ರಹಿಸಿದರು. ಬದುಕಿದ್ದು ನೂರಾ ಒಂದು ವರ್ಷ. ನಿಮ್ಮ ಪತ್ನಿ ಎರಡು ವಾರ ಸುರಕ್ಷಿತವಾಗಿರುತ್ತಾರೆ.

ನಿಜವಾದ ಅಪಾಯ ಬೇರೆ. ರಸ್ತೆಗೆ ಅಡ್ಡಲಾಗಿ ಹೊಂಡ ತೋಡಿ ಮೇಲೆ ಕಬ್ಬಿಣದ ಸರಳು ಜೋಡಿಸಿರುತ್ತಾರೆ, ದನಕುರಿ ದಾಟದಿರಲಿ ಎಂದು. ಮಳೆಯಲ್ಲಿ ಈ ಕ್ಯಾಟಲ್ ಗ್ರಿಡ್ ಜಾರುತ್ತದೆ. ಅದರ ಮೇಲೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು, ನೇರವಾಗಿ ದಾಟಬೇಕು. ರಸ್ತೆಯ ಆಚೆ ಮರಿ, ಈಚೆ ತಾಯಿಕುರಿ ಇದ್ದರೆ ಒಂದು ಖಂಡಿತ ಅಡ್ಡ ಓಡುತ್ತದೆ. ಮೊಬೈಲ್ ಸಂಕೇತ ಎಲ್ಲ ಕಡೆ ಸಿಗದು. ತುರ್ತಿಗೆ 999. ಆಸ್ಪತ್ರೆಗಳು ಬಾರಾದಲ್ಲಿ, ಬೆನ್‌ಬೆಕ್ಯುಲಾದಲ್ಲಿ, ಲೂಯಿಸ್‌ನ ಸ್ಟಾರ್ನೊವೇ ಪಟ್ಟಣದಲ್ಲಿ ಇವೆ.

ಪ್ರಶ್ನೆ: ಕೇಳಲು ಸಂಕೋಚ. ದಾರಿಯಲ್ಲಿ ಶೌಚಕ್ಕೆ ಏನು ಗತಿ? (ಹೆಸರು ಬೇಡ ಎಂದವರು)

ಇದನ್ನು ಮೊದಲ ಪ್ರಶ್ನೆಯಾಗಿ ಕೇಳಬೇಕಿತ್ತು. ಆ ದ್ವೀಪಗಳಲ್ಲಿ ಮರಗಳು ಇಲ್ಲವೆನ್ನುವಷ್ಟು ಕಡಿಮೆ, ಪೊದೆಯ ಮರೆ ಎಂಬ ಉಪಾಯ ನಡೆಯುವುದಿಲ್ಲ. ಜೆಟ್ಟಿ, ಅಂಗಡಿ, ಊರಿನ ಸಮುದಾಯ ಭವನ, ಕೆಫೆ, ಎಲ್ಲಿ ಶೌಚಾಲಯ ಕಂಡರೂ ಬೇಕಿರಲಿ ಬೇಡದಿರಲಿ ಬಳಸಿ. ಹಿಂದಿನ ರಾತ್ರಿಯೇ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಬೇಡಿ. ತಂಪು ಹವೆಯಲ್ಲಿ ಬಾಯಾರಿಕೆ ಗೊತ್ತಾಗದೆ ಸಂಜೆ ತಲೆನೋವು ಹಿಡಿಯುತ್ತದೆ. ಬಳಸಿದ ಪ್ಯಾಡ್, ಕಾಗದ ಎಲ್ಲ ಗಟ್ಟಿ ಚೀಲದಲ್ಲಿ ನಿಮ್ಮ ಜೊತೆಗೇ ಬರಬೇಕು.

ಇನ್ನೊಬ್ಬರು ಸೀಟಿನ ನೋವಿನ ಬಗ್ಗೆ ಕೇಳಿದ್ದಾರೆ, ಇಲ್ಲಿಯೇ ಹೇಳಿಬಿಡುತ್ತೇನೆ. ಮೆತ್ತೆಯಿರುವ ಸೈಕ್ಲಿಂಗ್ ಶಾರ್ಟ್ಸ್ ಒಳಗೆ ಒಳಉಡುಪು ಹಾಕಬಾರದು, ಹೊಲಿಗೆಯೇ ಚರ್ಮ ಸುಲಿಯುವುದು. ಸೀಟು ಎಷ್ಟು ಮೆತ್ತಗಿದೆ ಎಂಬುದಕ್ಕಿಂತ ಕೂರುವ ಮೂಳೆಗಳಿಗೆ ಅಗಲ ಸಾಕೇ ಎಂಬುದು ಮುಖ್ಯ. ಬಾಡಿಗೆ ಸೈಕಲ್ ತೆಗೆದುಕೊಂಡರೂ ಸೀಟು ನಿಮ್ಮದೇ ಇರಲಿ, ಊರಿನಿಂದ ತನ್ನಿ.

ಪ್ರಶ್ನೆ: ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು ಅಲ್ಲಿ ಬದುಕಬಹುದೇ? (ಉಡುಪಿ)

ಬದುಕಬಹುದು, ಹಬ್ಬ ಮಾಡಲಾಗದು. ಓಟ್‌ಕೇಕ್ ಎಂಬ ಓಟ್ಸ್ ಬಿಸ್ಕತ್ತು, ಚೀಸ್, ಬ್ರೆಡ್, ಹಣ್ಣು, ಬೇಯಿಸಿದ ಆಲೂಗಡ್ಡೆ ಸಿಗುತ್ತವೆ. ಬಾರಾದ ಕ್ಯಾಸಲ್‌ಬೇಯಲ್ಲೂ ಯೂಯಿಸ್ಟ್‌ಗಳಲ್ಲೂ ಕೋ-ಆಪ್ ಅಂಗಡಿಗಳಿವೆ, ನಡುವಿನ ಊರುಗಳಲ್ಲಿ ಏನೂ ಇರದಿರಬಹುದು. ಬಾರ್ಲಿ, ತರಕಾರಿ ಹಾಕಿದ ಸೂಪ್ ಕಂಡರೆ ಅದರ ಸಾರು ಯಾವುದರದು ಎಂದು ಕೇಳಿ, ಬಹಳ ಸಲ ಕುರಿಮಾಂಸದ್ದು. ಸ್ಟಾರ್ನೊವೇಯ ಹೆಸರಾಂತ ಬ್ಲ್ಯಾಕ್ ಪುಡ್ಡಿಂಗ್ ಸಿಹಿತಿಂಡಿಯಲ್ಲ. ರಕ್ತ, ಕೊಬ್ಬು, ಓಟ್ಸ್ ಸೇರಿಸಿ ಮಾಡಿದ್ದು. ಅಡುಗೆಮನೆ ಇರುವ ಹಾಸ್ಟೆಲ್ ಹಿಡಿದು, ಅವಲಕ್ಕಿ, ಉಪ್ಪಿನಕಾಯಿಯ ಒಂದೊಂದು ಪೊಟ್ಟಣ ಇಟ್ಟುಕೊಳ್ಳಿ. ರಸ್ತೆಬದಿಯಲ್ಲಿ ಕೇಕು ತುಂಬಿದ ಪೆಟ್ಟಿಗೆ ಕಂಡರೆ, ಬೇಕಾದ್ದು ತೆಗೆದುಕೊಂಡು ಡಬ್ಬಿಗೆ ದುಡ್ಡು ಹಾಕುವ ಪದ್ಧತಿ. ಅದಕ್ಕೆ ಪೌಂಡ್ ನಾಣ್ಯಗಳು ಜೇಬಿನಲ್ಲಿರಲಿ. ಕೇಕಿನಲ್ಲಿ ಮೊಟ್ಟೆ ಇರುತ್ತದೆ, ನಿಮ್ಮ ಮಟ್ಟಿಗೆ ಆ ನಾಣ್ಯ ಉಳಿತಾಯ.

ಪ್ರಶ್ನೆ: ಭಾನುವಾರ ಎಲ್ಲ ಮುಚ್ಚಿರುತ್ತದಂತೆ, ನಿಜವೇ? (ಹುಬ್ಬಳ್ಳಿ)

ಉತ್ತರಾರ್ಧದಲ್ಲಿ ಬಹುಪಾಲು ನಿಜ. ಬಾರಾ, ಸೌತ್ ಯೂಯಿಸ್ಟ್ ಕ್ಯಾಥೋಲಿಕರ ದ್ವೀಪಗಳು. ನಾರ್ತ್ ಯೂಯಿಸ್ಟ್, ಹ್ಯಾರಿಸ್, ಲೂಯಿಸ್ ಪ್ರೆಸ್ಬಿಟೇರಿಯನ್ ಎಂಬ ಪ್ರೊಟೆಸ್ಟಂಟ್ ಪಂಥದವು, ಭಾನುವಾರದ ವಿಶ್ರಾಂತಿಯನ್ನು ಗಟ್ಟಿಯಾಗಿ ಪಾಲಿಸುವವು. ಸ್ಟಾರ್ನೊವೇಯಿಂದ ಭಾನುವಾರದ ಫೆರಿ ಆರಂಭವಾದದ್ದೇ 2009ರಲ್ಲಿ, ಅದೂ ವಿರೋಧದ ನಡುವೆ. ಸೈಕಲ್ ತುಳಿದರೆ ಯಾರೂ ತಡೆಯುವುದಿಲ್ಲ. ಆದರೆ ಊಟ ಸಿಗುವುದು ಕಷ್ಟ, ಚರ್ಚ್ ಮುಂದೆ ಗದ್ದಲ ಮಾಡುತ್ತಾ ಹೋಗುವುದೂ ಸರಿಯಲ್ಲ. ನಿಮ್ಮ ಭಾನುವಾರ ದಕ್ಷಿಣದಲ್ಲಿ ಬೀಳುವಂತೆ ಹೊರಡುವ ದಿನವನ್ನು ಆರಿಸಿ.

ಪ್ರಶ್ನೆ: ಏರು ಕಷ್ಟವೇ? ನೋಡಲೇಬೇಕಾದದ್ದು ಏನು? (ಮೈಸೂರು)

ಬಾರಾದಲ್ಲಿ ಸಣ್ಣ ಏರುಗಳು, ಯೂಯಿಸ್ಟ್‌ಗಳಲ್ಲಿ ಹೆಚ್ಚೇನಿಲ್ಲ. ಹ್ಯಾರಿಸ್‌ನ ಟಾರ್ಬರ್ಟ್ ದಾಟಿದ ಮೇಲೆ 799 ಮೀಟರ್ ಎತ್ತರದ ಕ್ಲಿಶಮ್ ಬೆಟ್ಟದ ಹೆಗಲ ಮೇಲೆ ರಸ್ತೆ ಹತ್ತುತ್ತದೆ; ಇಡೀ ದಾರಿಯ ಅತಿ ಕಠಿಣ ಭಾಗ ಅದೇ. ಇಳಿದು ತಳ್ಳಿಕೊಂಡು ಹೋಗಿ, ನಾಚಿಕೆ ಬೇಡ. ಮಂಡಿನೋವಿದ್ದರೆ ಬ್ಯಾಟರಿ ಸೈಕಲ್ ಬಾಡಿಗೆಗೆ ತೆಗೆದುಕೊಳ್ಳಿ.

ಐದು ಸಾವಿರ ವರ್ಷ ಹಿಂದಿನ ಕ್ಯಾಲನಿಶ್ ನಿಲ್ಲುಗಲ್ಲುಗಳನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ನನ್ನ ಆಯ್ಕೆ ಮಾತ್ರ ನೇಕಾರರ ಕೊಟ್ಟಿಗೆ. ಹ್ಯಾರಿಸ್ ಟ್ವೀಡ್ ಎಂಬ ಉಣ್ಣೆಬಟ್ಟೆಗೆ 1993ರಿಂದ ಪ್ರತ್ಯೇಕ ಕಾನೂನಿದೆ. ದ್ವೀಪವಾಸಿಗಳು ತಮ್ಮ ಮನೆಯಲ್ಲೇ ಕೈಯಿಂದ ನೇಯ್ದಿದ್ದರೆ ಮಾತ್ರ ಆ ಹೆಸರು ಸಲ್ಲುತ್ತದೆ. ವಿದ್ಯುತ್ ಬಳಸುವಂತಿಲ್ಲ, ಈಚಿನ ಅಗಲ ಮಗ್ಗಗಳನ್ನು ಸೈಕಲ್ಲಿನಂತೆ ಪೆಡಲ್ ತುಳಿದೇ ನಡೆಸುತ್ತಾರೆ. ಬಾಗಿಲು ತೆರೆದಿದ್ದು ಫಲಕ ಹಾಕಿದ್ದರೆ ಒಳಗೆ ಹೋಗಿ. ಬಟ್ಟೆಗೆ ಚೌಕಾಸಿ ಮಾಡಬೇಡಿ.

ಪ್ರಶ್ನೆ: ದೀಪಸ್ತಂಭ ತಲುಪಿದ ಮೇಲೆ? (ಕಾರವಾರ)

ಬಟ್ ಆಫ್ ಲೂಯಿಸ್‌ನ ಕೆಂಪು ಇಟ್ಟಿಗೆಯ ದೀಪಸ್ತಂಭದ ಮುಂದೆ ಚಿತ್ರ ತೆಗೆಸಿಕೊಂಡ ಮೇಲೆ ಸ್ಟಾರ್ನೊವೇಗೆ ಇನ್ನೂ ಸುಮಾರು 45 ಕಿಲೋಮೀಟರ್ ತುಳಿಯಬೇಕು, ಅದರ ಮೊದಲ ಭಾಗ ಅದೇ ನೈರುತ್ಯ ಗಾಳಿಗೆ ಎದುರಾಗಿ. ಇದಕ್ಕೆ ಪ್ರತ್ಯೇಕ ದಿನ ಇಡಿ. ಸ್ಟಾರ್ನೊವೇಯಿಂದ ಮುಖ್ಯಭೂಮಿಯ ಅಲ್ಲಾಪೂಲ್‌ಗೆ ಫೆರಿಯಲ್ಲಿ ಎರಡೂವರೆ ಗಂಟೆಯ ಆಸುಪಾಸು. ಅಲ್ಲಾಪೂಲ್‌ನಲ್ಲಿ ರೈಲು ಇಲ್ಲ, ಇನ್‌ವರ್ನೆಸ್ ಸೇರಬೇಕು. ಸೈಕಲ್ ಏರಿಸುವ ವ್ಯಾನನ್ನು ಮೊದಲೇ ಗೊತ್ತುಮಾಡಿ. ಹೋಗುವಾಗ ಗ್ಲಾಸ್ಗೋದಿಂದ ಓಬನ್‌ಗೆ ರೈಲಿದೆ, ಅಲ್ಲಿಂದ ಬಾರಾಗೆ ಫೆರಿ ಸುಮಾರು ಐದು ಗಂಟೆ. ರೈಲಿನಲ್ಲಿ ಸೈಕಲ್‌ಗೆ ಜಾಗ ಸೀಮಿತ. ಏಳು ಸೈಕಲ್‌ಗೂ ಒಂದೇ ರೈಲಿನಲ್ಲಿ ಜಾಗ ಸಿಗದಿದ್ದರೆ ಹಿಂದಿನ ದಿನವೇ ಮೂವರು ಮುಂದೆ ಹೊರಡಿ.